ಯುದ್ಧಾನಂತರದ ಸಂಧಿ

ಸಂಧಿ ಎಂಬ ಮಾತನ್ನು ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತರಗತಿಯಲ್ಲಿ ವಿವರಿಸಿದ್ದೇನೆ. ಎರಡು ಪದಗಳು ಕೂಡುವಾಗ ಒಂದು ಅಕ್ಷರ ಲೋಪವಾಗುವುದುಂಟು, ಹೊಸದೊಂದು ಬಂದು ಸೇರುವುದುಂಟು. ರಾಷ್ಟ್ರಗಳ ಸಂಧಿಯೂ ಹೀಗೆಯೇ ಎಂಬುದಕ್ಕೆ ಅಮೆರಿಕದ ಆರಂಭಕಾಲದ ರಾಜತಂತ್ರ ಒಳ್ಳೆಯ ನಿದರ್ಶನ.

1783ರ ಪ್ಯಾರಿಸ್ ಒಪ್ಪಂದದಲ್ಲಿ ಬ್ರಿಟನ್ ತನ್ನ ಹದಿಮೂರು ವಸಾಹತುಗಳ ಸ್ವಾತಂತ್ರ್ಯವನ್ನು ಮಾನ್ಯಮಾಡಿತು. ಯುದ್ಧ ನಿಂತಿತು, ಮನಸ್ತಾಪ ನಿಲ್ಲಲಿಲ್ಲ. 1785ರ ಜೂನ್ 1ರಂದು ಜಾನ್ ಆಡಮ್ಸನು ಲಂಡನ್ನಿಗೆ ಅಮೆರಿಕದ ಮೊದಲ ರಾಯಭಾರಿಯಾಗಿ ಮೂರನೆಯ ಜಾರ್ಜ್ ದೊರೆಯ ಮುಂದೆ ನಿಂತನು. ಕೆಲವೇ ವರ್ಷಗಳ ಹಿಂದೆ ಆ ದೊರೆಯ ಕಣ್ಣಿಗೆ ಇವನು ರಾಜದ್ರೋಹಿ. ಆಸ್ಥಾನದ ಪದ್ಧತಿಯಂತೆ ಮೂರು ಬಾರಿ ಬಾಗಿ ವಂದಿಸಿ, ಹಳೆಯ ಸದ್ಭಾವವನ್ನು ಮರಳಿ ಬೆಳೆಸುವುದು ತನ್ನ ಆಸೆಯೆಂದನು. ಅಗಲಿಕೆಗೆ ಒಪ್ಪಿದವರಲ್ಲಿ ತಾನು ಕೊನೆಯವನಾದರೂ, ಅದು ಆಗಿಹೋದ ಮೇಲೆ ಸ್ವತಂತ್ರ ಅಮೆರಿಕದ ಸ್ನೇಹವನ್ನು ಬರಮಾಡಿಕೊಳ್ಳುವವರಲ್ಲಿ ಮೊದಲಿಗನೆಂದು ದೊರೆ ಉತ್ತರಿಸಿದನಂತೆ. ಆ ದನಿ ನಡುಗುತ್ತಿತ್ತೆಂದು ಆಡಮ್ಸನ ಪತ್ರ ಹೇಳುತ್ತದೆ.

ಆದರೆ ಸೌಜನ್ಯವೇ ಸಂಧಿಯಲ್ಲ. ಡೆಟ್ರಾಯಿಟ್, ನಯಾಗರಾ ಮೊದಲಾದ ಕೋಟೆಗಳನ್ನು ಬ್ರಿಟಿಷರು ಬಿಟ್ಟುಕೊಟ್ಟಿರಲಿಲ್ಲ. ಬ್ರಿಟಿಷ್ ವರ್ತಕರ ಹಳೆಯ ಸಾಲವನ್ನು ಅಮೆರಿಕದವರು ತೀರಿಸಿರಲಿಲ್ಲ. ಮೊದಲು ನೀನು ಎಂಬ ಹಟ ಎರಡೂ ಕಡೆ. ರಾಜ್ಯಗಳನ್ನೆಲ್ಲ ಒಂದು ಮಾತಿಗೆ ಕಟ್ಟುವ ಶಕ್ತಿ ಆಗಿನ ಕಾಂಗ್ರೆಸ್ಸಿಗಿರಲಿಲ್ಲ. 1788ರಲ್ಲಿ ಆಡಮ್ಸನು ವಾಣಿಜ್ಯ ಒಪ್ಪಂದವಿಲ್ಲದೆ ಮರಳಿದನು. ಬ್ರಿಟನ್ನಿನ ರಾಯಭಾರಿ ಅತ್ತ ಹೋದದ್ದು 1791ರಲ್ಲಿ, ಹೊಸ ಸಂವಿಧಾನ ಜಾರಿಯಾದ ಮೇಲೆ.

ಮುಂದೆ ಬ್ರಿಟಿಷ್ ನೌಕಾಪಡೆ ಅಮೆರಿಕದ ಹಡಗುಗಳನ್ನು ಹಿಡಿಯತೊಡಗಿದಾಗ ಮತ್ತೆ ಯುದ್ಧದ ಕಾರ್ಮೋಡ ಕವಿಯಿತು. ವಾಷಿಂಗ್ಟನ್ನನು ಮುಖ್ಯ ನ್ಯಾಯಾಧೀಶ ಜಾನ್ ಜೇಯನ್ನು ಲಂಡನ್ನಿಗೆ ಕಳುಹಿಸಿದನು. 1794ರ ನವೆಂಬರ್ 19ರಂದು ಒಪ್ಪಂದಕ್ಕೆ ರುಜುವಾಯಿತು. ಕೋಟೆಗಳು 1796ರಲ್ಲಿ ತೆರವಾದವು. ಸಾಲದ ತಕರಾರು ಆಯೋಗದ ಪಾಲಾಯಿತು. ಭಾರತದ ಬ್ರಿಟಿಷ್ ಬಂದರುಗಳೂ ಅಮೆರಿಕದ ವರ್ತಕರಿಗೆ ತೆರೆದವು. ಆದರೆ ಕಡಲಿನ ಹಕ್ಕುಗಳು ಸಿಗಲಿಲ್ಲ. ಜನ ಜೇಯ ಪ್ರತಿಕೃತಿ ಸುಟ್ಟರು. ಸೆನೆಟ್ಟಿನಲ್ಲಿ ಬಂದದ್ದು ಇಪ್ಪತ್ತಕ್ಕೆ ಹತ್ತು, ಬೇಕಾದಷ್ಟೇ ಮತ. ಆ ಕೋಟೆಗಳ ಸುತ್ತಣ ನೆಲದ ಮೂಲನಿವಾಸಿಗಳನ್ನಂತೂ ಯಾರೂ ಕೇಳಲಿಲ್ಲ; ಸಂಧಿಯ ದೊಡ್ಡ ಲೋಪವದು.

ಇದೇ ಕಾಲದ ಇನ್ನೊಂದು ಸಂಧಿ ನಮ್ಮ ನೆಲದ್ದು. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾದ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ, ಟಿಪ್ಪುವಿನಿಂದ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನು ಒತ್ತೆಯಾಗಿಯೂ ಪಡೆದನು. ಕಳೆದುಕೊಂಡದ್ದೆಲ್ಲ ಒಂದೇ ಪಕ್ಷ. ಏಳೇ ವರ್ಷದಲ್ಲಿ ಮತ್ತೆ ಯುದ್ಧ, ಟಿಪ್ಪು ಅಳಿದನು.

ಜೇಯ ಸಂಧಿಯೂ ಶಾಶ್ವತವಾಗಲಿಲ್ಲ. 1812ರಲ್ಲಿ ಬ್ರಿಟನ್, ಅಮೆರಿಕಗಳು ಮತ್ತೆ ಕಾದಿದವು. ಆದರೂ ಅದು ಎಳೆಯ ರಾಷ್ಟ್ರವೊಂದಕ್ಕೆ ಬೆಳೆಯಲು ಬೇಕಾದ ಕಾಲವನ್ನು ದೊರಕಿಸಿತು. ಬಿಟ್ಟುಕೊಟ್ಟವರನ್ನು ಸೋತವರೆನ್ನುವುದಕ್ಕೆ ಮುನ್ನ, ಅವರು ಏನನ್ನು ಉಳಿಸಿಕೊಂಡರೆಂದು ಎಣಿಸುವುದು ಲೇಸು.