ಎರಡು ಟಿಕೆಟ್, ಒಂದು ಸೀಟು



ಹಬ್ಬ ಹತ್ತಿರ ಬಂತೆಂದರೆ ನಮ್ಮ ಮುಂಬೈ ಕನ್ನಡಿಗರ ಬಾಯಲ್ಲಿ ಒಂದೇ ಪ್ರಶ್ನೆ: "ಟಿಕೆಟ್ ಕನ್ಫರ್ಮ್ ಆಯ್ತಾ?" ರೈಲು ರಿಸರ್ವೇಶನ್ 2024ರ ನವೆಂಬರ್ 1ರಿಂದ 120 ದಿನಗಳ ಬದಲು 60 ದಿನ ಮೊದಲು ಶುರುವಾಗುತ್ತಿದೆ. ಆದರೂ ಕಣ್ಣು ಮಿಟುಕಿಸುವುದರೊಳಗೆ ವೇಟಿಂಗ್ ಲಿಸ್ಟ್!

ಅಪ್ಪನ ವರ್ಷಾಂತಿಕ ದೀಪಾವಳಿಯ ವಾರದಲ್ಲೇ ಬಂದಿತ್ತು. ಉಡುಪಿಗೆ ಹೋಗಲೇಬೇಕು. ನಾನು ಜಾಣತನ ಮಾಡಿ ಒಂದೇ ದಿನಕ್ಕೆ ಎರಡು ಟಿಕೆಟ್ ತೆಗೆಸಿದೆ. ಒಂದು ಕುರ್ಲಾ ಟರ್ಮಿನಸ್‌ನಿಂದ ಹೊರಡುವ ಮತ್ಸ್ಯಗಂಧಕ್ಕೆ, ಇನ್ನೊಂದು ಸಿಎಸ್‌ಎಂಟಿಯಿಂದ ರಾತ್ರಿ ಹೊರಡುವ ಮಂಗಳೂರು ಗಾಡಿಗೆ. ಎರಡೂ ವೇಟಿಂಗ್. ಎರಡರಲ್ಲಿ ಒಂದೇ ಒಂದು ಕನ್ಫರ್ಮ್ ಆದರೆ ಸಾಕು. ಎರಡೂ ಆದರೆ ಒಂದರ ಕ್ಯಾನ್ಸಲೇಶನ್ ಹಣ ದಂಡ.

ಕನ್ನಡ ಬಿ.ಎ. ಓದಿದವನ ಲೆಕ್ಕ ಹೀಗಿತ್ತು. ಮೊದಲನೆಯದು ಸಿಗುವ ಸಾಧ್ಯತೆ ನೂರಕ್ಕೆ 60, ಎರಡನೆಯದು ನೂರಕ್ಕೆ 50 ಎಂದು ಅಂದಾಜು ಮಾಡಿದೆ. ಕೂಡಿಸಿದರೆ 110! ನೂರಕ್ಕಿಂತ ಹೆಚ್ಚು ಸಾಧ್ಯತೆ ಎಲ್ಲಾದರೂ ಉಂಟೆ? ತಪ್ಪು ಎಲ್ಲಿ ಗೊತ್ತೇ? ಎರಡೂ ಸಿಗುವ ಸಂದರ್ಭ ಆ 60ರಲ್ಲೂ ಸೇರಿದೆ, 50ರಲ್ಲೂ ಸೇರಿದೆ. ನಮಗೆ 'ಒಂದೇ ಒಂದು' ಬೇಕಾದ್ದರಿಂದ ಅದನ್ನು ಎರಡೂ ಕಡೆಯಿಂದ ತೆಗೆಯಬೇಕು, ಅಂದರೆ ಎರಡು ಸಲ ಕಳೆಯಬೇಕು.

ಎರಡು ಟಿಕೆಟ್‌ಗಳಿಗೂ ಪರಸ್ಪರ ಸಂಬಂಧವಿಲ್ಲದಿದ್ದರೆ, ಎರಡೂ ಸಿಗುವ ಸಾಧ್ಯತೆ 60ರ ಅರ್ಧ, ಅಂದರೆ 30. ಈಗ 60 + 50 − 30 − 30 = 50. ಒಂದೇ ಸಿಗುವುದು 50, ಎರಡೂ ಸಿಗುವುದು 30. ಉಳಿದ 20 ಮಾತ್ರ ಬರಿಗೈ. ನೂರಕ್ಕೆ 80 ಊರು ಸೇರುತ್ತೇನೆಂದು ಅಮ್ಮನಿಗೆ ಫೋನ್ ಮಾಡಿ ಧೈರ್ಯ ಹೇಳಿದೆ.

ಚಾರ್ಟ್ ಆಯಿತು. ಎರಡೂ ವೇಟಿಂಗ್‌ನಲ್ಲೇ ಉಳಿದವು. ಹೇಗೋ ಬಸ್ ಹಿಡಿದು ಮನೆ ಮುಟ್ಟುವಾಗ ಊಟದ ಎಲೆ ಎತ್ತಿ ಆಗಿತ್ತು.

ಅದೃಷ್ಟವನ್ನು ಬೈದುಕೊಂಡೆ. ಆಮೇಲೆ ತಿಳಿಯಿತು, 'ಪರಸ್ಪರ ಸಂಬಂಧವಿಲ್ಲ' ಎಂದುಕೊಂಡದ್ದೇ ನನ್ನ ತಪ್ಪು. ಅದೇ ಹಬ್ಬ, ಅದೇ ದಿನ, ಅದೇ ಕೊಂಕಣ ದಾರಿ. ಒಂದರಲ್ಲಿ ಯಾರೂ ಟಿಕೆಟ್ ಬಿಡದ ದಿನ ಇನ್ನೊಂದರಲ್ಲೂ ಬಿಡುವುದಿಲ್ಲ. ಇಂಥಲ್ಲಿ ಸಿಕ್ಕರೆ ಎರಡೂ, ಇಲ್ಲದಿದ್ದರೆ ಒಂದೂ ಇಲ್ಲ. ಎರಡೂ ಸಿಗುವುದು 30 ಅಲ್ಲ, 45 ಎಂದಿಟ್ಟುಕೊಳ್ಳಿ. ಆಗ 60 + 50 − 45 − 45 = 20. ಒಂದೇ ಸಿಗುವ ಸಾಧ್ಯತೆ ಐವತ್ತರಿಂದ ಇಪ್ಪತ್ತಕ್ಕೆ ಇಳಿಯಿತು. ಬರಿಗೈಯ ಸಾಧ್ಯತೆ ಇಪ್ಪತ್ತರಿಂದ ಮೂವತ್ತೈದಕ್ಕೆ ಏರಿತು!

ಹಾಗಾಗಿ ಕೇಳುಗರೇ, ಎರಡನೇ ಟಿಕೆಟ್ ತೆಗೆಸುವಾಗ ಅದು ಮೊದಲನೆಯದರ ನೆರಳಾಗದಿರಲಿ. ಹಬ್ಬದ ನೂಕುನುಗ್ಗಲಿಗೆ ಮೊದಲಿನ ಬೇರೆ ದಿನ ನೋಡಿ, ಇಲ್ಲವೇ ಬಸ್ಸಿನಲ್ಲಿ ಒಂದು ಸೀಟು ಕಾದಿರಿಸಿ.

ಇನ್ನೊಂದು ಮಾತು. ಎರಡೂ ಕನ್ಫರ್ಮ್ ಆದರೆ ಒಂದನ್ನು ಕೂಡಲೇ ರದ್ದು ಮಾಡಿ. ಆ ಸೀಟಿಗಾಗಿ ಇನ್ನೊಬ್ಬ ಮಗನೋ ಮಗಳೋ ಮೊಬೈಲ್ ನೋಡುತ್ತಾ ಕೂತಿರಬಹುದು.

ಪ್ರಯಾಣ ಸುಖಕರವಾಗಿರಲಿ. ಮತ್ತೆ ಸಿಗೋಣ!