ಅಂಗೈಯಗಲದ ಒದ್ದೆ

ಲ್ಯಾಬ್ರಡಾರ್ ಮರಿ ಹಾಲ್‌ನಲ್ಲಿ ಉಚ್ಚೆ ಹೊಯ್ದರೆ ಮನೆಮಂದಿಯೆಲ್ಲ ಎದ್ದು ಓಡಾಡುತ್ತಾರೆ. ಶಿಟ್ಜುವೋ ಪೊಮೆರೇನಿಯನ್ನೋ ಅದನ್ನೇ ಮಾಡಿದರೆ ಯಾರೋ ಒಬ್ಬರು ಒರಸುಬಟ್ಟೆಯನ್ನು ಕಾಲಲ್ಲೇ ಎಳೆದು ಮುಂದೆ ಹೋಗುತ್ತಾರೆ. ಅಂಗೈಯಗಲದ ಒದ್ದೆ, ಅದಕ್ಕೇನು ಮಹಾ! ಚಿಕ್ಕ ತಳಿಯ ನಾಯಿಗಳು ಹೇಳಿದ ಮಾತು ಕಲಿಯುವುದಿಲ್ಲ ಎಂಬ ದೂರಿಗೆ ಅರ್ಧ ಕಾರಣ ಈ ಉದಾಸೀನವೇ ಎಂದು ನನ್ನ ಅನುಮಾನ. ಆರು ತಿಂಗಳು ಹೀಗೇ ಕಳೆದರೆ, ಸೋಫಾದ ಹಿಂಬದಿಯೇ ತನ್ನ ಪಾಯಿಖಾನೆ ಎಂದು ಮರಿ ತೀರ್ಮಾನಿಸಿಬಿಟ್ಟಿರುತ್ತದೆ.

ಉಳಿದರ್ಧ ಕಾರಣ ಅದರ ಮೈಕಟ್ಟಿನಲ್ಲಿದೆ. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿ, ಹೆಚ್ಚೆಂದರೆ ಅಷ್ಟು ಗಂಟೆ ತಡೆದುಕೊಳ್ಳುತ್ತದೆ ಎಂಬುದು ನಾಯಿ ಸಾಕುವವರ ವಾಡಿಕೆಯ ಲೆಕ್ಕ. ಎರಡು ತಿಂಗಳ ಮರಿಗೆ ಮೂರು ಗಂಟೆ. ಮಡಿಲಲ್ಲಿ ಕೂರುವ ತಳಿಗಳಿಗೆ ಇದೂ ಜಾಸ್ತಿಯೇ, ಅವುಗಳ ಮೂತ್ರಕೋಶವೇ ಅಷ್ಟು ಪುಟ್ಟದು. ಜೊತೆಗೆ, ಹೊಟ್ಟೆ ಖಾಲಿ ಬಿಟ್ಟರೆ ಇಂಥ ಮರಿಗಳ ರಕ್ತದ ಸಕ್ಕರೆ ಕುಸಿಯುವ ಅಪಾಯವಿರುವುದರಿಂದ ದಿನಕ್ಕೆ ಮೂರು ನಾಲ್ಕು ಸಲ ತಿನ್ನಿಸಬೇಕು. ಪ್ರತಿ ಊಟದ ಬೆನ್ನಿಗೇ ಕರುಳು ಕೆಲಸ ಶುರುಮಾಡುತ್ತದೆ. ತಿಂದ ಮೇಲೆ, ನಿದ್ದೆಯಿಂದ ಎದ್ದ ಕೂಡಲೇ, ಆಡಿ ದಣಿದಾಗ, ರಾತ್ರಿ ಮಲಗುವ ಮುಂಚೆ: ಈ ಹೊತ್ತುಗಳನ್ನು ಹಿಡಿದವರಿಗೆ ಒರೆಸುವ ಕೆಲಸ ಬಹಳ ತಪ್ಪುತ್ತದೆ. ನೆಲ ಮೂಸುತ್ತ ಸುತ್ತು ಹೊಡೆಯತೊಡಗಿದರೆ ಫೋನ್ ಕೆಳಗಿಟ್ಟು ಎದ್ದೇಳಿ.

ಮರಿ ಎಲ್ಲಿಂದ ಬಂತು ಎಂಬುದೂ ಮುಖ್ಯ. ಸುಮಾರು ಮೂರು ವಾರಕ್ಕೇ ಅದು ತಾನು ಮಲಗುವ ಜಾಗ ಬಿಟ್ಟು ಆಚೆ ಹೋಗಿ ಹಗುರಾಗಲು ಕಲಿಯುತ್ತದೆ. ಆದರೆ ಅಂಗಡಿಯ ಪಂಜರದಲ್ಲಿ ಬೆಳೆದ ಮರಿಗೆ ಆಚೆ ಎಂಬುದೇ ಇರುವುದಿಲ್ಲ. ಉಂಡಲ್ಲೇ, ಮಲಗಿದಲ್ಲೇ ಎಲ್ಲವೂ. ಹುಟ್ಟಿನಿಂದ ಬಂದ ಶುಚಿ ಅಲ್ಲೇ ಮಾಸುತ್ತದೆ. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ಕೇಂದ್ರದ ನಿಯಮಗಳು ಹೇಳುತ್ತವೆ. ಕೊಳ್ಳುವವರು ವಯಸ್ಸಿನ ಜೊತೆಗೆ ತಾಯಿಯನ್ನೂ ಅದಿರುವ ಜಾಗವನ್ನೂ ತೋರಿಸಿ ಎಂದು ಕೇಳುವುದು ಒಳ್ಳೆಯದು.

ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಇನ್ನೊಂದು ಇಕ್ಕಟ್ಟು. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗಾಗಿ ಲಸಿಕೆಗಳ ಸರಣಿ ಮುಗಿಯುವ ತನಕ, ಅಂದರೆ ಸುಮಾರು ನಾಲ್ಕು ತಿಂಗಳವರೆಗೆ, ಊರ ನಾಯಿಗಳೆಲ್ಲ ಓಡಾಡುವ ಬೀದಿಗೆ ಮರಿಯನ್ನು ಇಳಿಸಬೇಡಿ ಎನ್ನುತ್ತಾರೆ ಪಶುವೈದ್ಯರು. ಅಲ್ಲಿಯವರೆಗೆ ಯುಟಿಲಿಟಿಯಲ್ಲೋ ಬಾಲ್ಕನಿಯಲ್ಲೋ ಒಂದೇ ಮೂಲೆ ಗೊತ್ತುಮಾಡಿ ಹಳೇ ಪೇಪರ್ ಹಾಸಬೇಕು. ಇವತ್ತು ಇಲ್ಲಿ ನಾಳೆ ಅಲ್ಲಿ ಎಂದು ಬದಲಾಯಿಸಬಾರದು. ಪೇಪರ್ ಬದಲಿಸುವಾಗ ಹಳೆಯದರ ಒದ್ದೆ ಚೂರೊಂದನ್ನು ಹೊಸದರ ಕೆಳಗಿಡಿ, ವಾಸನೆಯೇ ಮರಿಗೆ ದಾರಿ ತೋರಿಸುತ್ತದೆ. ಕೆಲಸ ಮುಗಿಸಿದ ಆ ಗಳಿಗೆಯಲ್ಲೇ, ಅಲ್ಲಿಯೇ, ಒಂದು ಚೂರು ತಿಂಡಿ ಕೊಡಬೇಕು. ಅಡುಗೆಮನೆಗೆ ಓಡಿ ಡಬ್ಬಿ ಹುಡುಕಿ ತರುವಷ್ಟರಲ್ಲಿ ಯಾವುದಕ್ಕೆ ಬಹುಮಾನ ಎಂಬುದು ಮರಿಗೆ ಮರೆತಿರುತ್ತದೆ.

ತಪ್ಪಿದ ಕಡೆ ಫಿನಾಯಿಲ್ ಸುರಿಯುವುದು ನಮ್ಮ ಸಮಾಧಾನಕ್ಕೆ ಮಾತ್ರ. ಫಿನಾಯಿಲ್ ಘಾಟಿನಡಿ ಉಳಿದ ಉಚ್ಚೆಯ ವಾಸನೆ ನಾಯಿಯ ಮೂಗಿಗೆ ಸಲೀಸಾಗಿ ಸಿಗುತ್ತದೆ, ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಅಮೋನಿಯಾ ಇರುವ ದ್ರಾವಣವಂತೂ ಬೇಡವೇ ಬೇಡ, ಉಚ್ಚೆಯಲ್ಲೂ ಅದೇ ವಾಸನೆ. ಕಿಣ್ವವಿರುವ ಕ್ಲೀನರ್ ಅಂಗಡಿಗಳಲ್ಲಿ ಸಿಗುತ್ತದೆ, ಅದು ವಾಸನೆಯ ಮೂಲವನ್ನೇ ಒಡೆಯುತ್ತದೆ. ಮೂತಿಯನ್ನು ಒದ್ದೆಗೆ ತಿಕ್ಕುವ ಹಳೇ ಕ್ರೌರ್ಯದಿಂದ ಮರಿ ಕಲಿಯುವುದು ಒಂದನ್ನೇ: ಇವರ ಕಣ್ಣೆದುರು ಹೋಗಬಾರದು, ಮಂಚದ ಕೆಳಗೆ ಹೋಗಬೇಕು.

ಲಸಿಕೆ ಮುಗಿದ ಮೇಲೆ ಬೀದಿಗೆ ಇಳಿಸಬಹುದು. ಸಾಕುನಾಯಿಗೆ ಲಿಫ್ಟ್ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸೂಚಿಸಿದೆ. ಪಕ್ಕದ ಮನೆಯವರ ರಂಗೋಲಿ ಬಿಟ್ಟು ನಡೆಸುವುದು, ಕಕ್ಕವನ್ನು ಚೀಲದಲ್ಲಿ ಎತ್ತಿಕೊಳ್ಳುವುದು ನಮ್ಮ ಪಾಲಿನ ಕೆಲಸ. ಜೂನ್ ಮಳೆ ಹಿಡಿದರೆ ಮಾತ್ರ ತಾಪತ್ರಯ. ಹುಲ್ಲು ಹೊಟ್ಟೆಗೆ ತಾಗುವಷ್ಟು ಕುಳ್ಳಗಿರುವ ಡ್ಯಾಶ್‌ಹಂಡ್ ಒದ್ದೆ ನೆಲಕ್ಕೆ ಕಾಲಿಡಲು ಒಪ್ಪದು. ಬಾಲ್ಕನಿಯ ಪೇಪರನ್ನು ಆಗ ಮತ್ತೆ ಹಾಸಿದರೆ ನಾಚಿಕೆಪಡಬೇಕಿಲ್ಲ.

ಚೆನ್ನಾಗಿ ರೂಢಿಯಾದ ನಾಯಿ ಇದ್ದಕ್ಕಿದ್ದಂತೆ ಮನೆಯೊಳಗೆ ಪದೇಪದೇ ಚೂರುಚೂರೇ ಹೊಯ್ಯತೊಡಗಿದರೆ ಗದರುವ ಮೊದಲು ಪಶುವೈದ್ಯರಿಗೆ ತೋರಿಸಿ. ಮೂತ್ರನಾಳದ ಸೋಂಕೋ, ಕಲ್ಲೋ ಇರಬಹುದು.