ನಿಮಗಿದು ಗೊತ್ತೇ? ಕಣ್ಣು ಹೇಳಿದ್ದನ್ನೇ ಕಿವಿ ಕೇಳುತ್ತದೆ

ಹುಬ್ಬಳ್ಳಿಯಿಂದ ಹಾವೇರಿ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಶಿಗ್ಗಾವಿ ತಾಲ್ಲೂಕಿನ ತಡಸ ಸಿಗುತ್ತದೆ. ಮುಂಡಗೋಡದ ರಸ್ತೆ ಕವಲೊಡೆಯುವುದು ಇಲ್ಲೇ. ಆ ಕಡೆ ಟಿಬೆಟಿಯನ್ನರ ಕಾಲೊನಿ ಇದೆ, ಸಿದ್ದಿಗಳ ಹಳ್ಳಿಗಳಿವೆ. ಮುಖ ನೋಡಿ ಊರು, ಭಾಷೆ ಊಹಿಸುವವರು ಸೋಲುವ ದಾರಿ ಇದು.

● ಸಿದ್ದಿಗಳ ಪೂರ್ವಜರು ಆಫ್ರಿಕದವರು. ಅವರಲ್ಲಿ ಅನೇಕರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ತಲೆತಲಾಂತರದಿಂದ ನೆಲೆಸಿರುವ ಇವರ ಮನೆಮಾತು ಹೆಚ್ಚಾಗಿ ಕೊಂಕಣಿ, ಹೊರಗೆ ಕನ್ನಡ. ಇವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಇಂಥವರನ್ನು ಪೇಟೆಯಲ್ಲಿ ತಡೆದು ‘ಯಾವ ದೇಶ?’ ಎಂದು ಇಂಗ್ಲಿಷಿನಲ್ಲಿ ಕೇಳುವುದು ಕುತೂಹಲವಲ್ಲ, ಅವಮಾನ.

● ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಆ ಸಮುದಾಯದವರೊಬ್ಬರು ಮೊದಲ ಬಾರಿಗೆ ವಿಧಾನ ಪರಿಷತ್ತಿನಲ್ಲಿ ಕುಳಿತದ್ದು 2020ರಲ್ಲಿ: ಶಾಂತಾರಾಮ ಸಿದ್ದಿ.

● ಹೊಗಳಿಕೆಯ ಊಹೆಯೂ ಊಹೆಯೇ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಆಫ್ರಿಕದ ರಕ್ತದವರು ಓಟದಲ್ಲಿ ಗೆದ್ದೇ ಗೆಲ್ಲುತ್ತಾರೆಂಬ ನಿರೀಕ್ಷೆಯಿಂದ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಒಳ್ಳೆಯ ಓಟಗಾರರು ಬಂದರು ಕೂಡ. ಆದರೆ ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಮಕ್ಕಳು ಊರಿಗೆ ಮರಳಿದರು. ಹುಟ್ಟಿನಿಂದಲೇ ಪದಕ ಬರುತ್ತದೆಂದು ನಂಬಿದವರಿಗೆ ಕಾಯುವ ತಾಳ್ಮೆ ಇರಲಿಲ್ಲ ಎಂದೇ ನನಗನ್ನಿಸುತ್ತದೆ.

● ಮುಂಡಗೋಡದ ಟಿಬೆಟಿಯನ್ ಕಾಲೊನಿ ಶುರುವಾದದ್ದು 1966ರಲ್ಲಿ. ಇಲ್ಲೇ ಹುಟ್ಟಿ ಬೆಳೆದ ಅನೇಕರು ನಮ್ಮ ಉತ್ತರ ಕರ್ನಾಟಕದ ಧಾಟಿಯಲ್ಲೇ ‘ಹೌದ್ರಿ’ ಅನ್ನುತ್ತಾರೆ. ಅಂಗಡಿಯವರು ಮಾತ್ರ ಮುಖ ಕಂಡೊಡನೆ ಹಿಂದಿಗೆ ಹೊರಳುತ್ತಾರೆ.

● ಹೀಗೇಕಾಗುತ್ತದೆ? ಅಮೆರಿಕದ ಡೊನಾಲ್ಡ್ ರೂಬಿನ್ 1992ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಉಪನ್ಯಾಸದ ಧ್ವನಿಮುದ್ರಣ ಕೇಳಿಸಿದರು. ದನಿ ಅಮೆರಿಕದಲ್ಲೇ ಹುಟ್ಟಿದ ಹೆಂಗಸಿನದು. ಕೆಲವರ ಮುಂದೆ ಬಿಳಿಯ ಮಹಿಳೆಯ ಫೋಟೊ ಇತ್ತು, ಉಳಿದವರ ಮುಂದೆ ಏಷ್ಯಾದ ಮುಖದ ಮಹಿಳೆಯದು. ಏಷ್ಯಾದ ಮುಖ ಕಂಡವರಿಗೆ ಇಲ್ಲದ ಪರದೇಶಿ ಧಾಟಿ ಕೇಳಿಸಿತು. ಅಷ್ಟೇ ಅಲ್ಲ, ಅವರಿಗೆ ಪಾಠ ಅರ್ಥವಾದದ್ದೂ ಕಡಿಮೆ. ದನಿ ಬದಲಾಗಿರಲಿಲ್ಲ, ಬದಲಾದದ್ದು ಫೋಟೊ ಮಾತ್ರ!

● ಮುಖವಷ್ಟೇ ಅಲ್ಲ, ಭಾಷೆಯೂ ದಾರಿ ತಪ್ಪಿಸುತ್ತದೆ. ಕೆನಡಾದ ವಾಲೇಸ್ ಲ್ಯಾಂಬರ್ಟ್ ಮತ್ತು ಸಂಗಡಿಗರು 1960ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎರಡು ಸಲವೂ ಮಾತಾಡಿದವರು ಅವರೇ, ಭಾಷೆ ಮಾತ್ರ ಒಮ್ಮೆ ಇಂಗ್ಲಿಷ್, ಒಮ್ಮೆ ಫ್ರೆಂಚ್. ಇಂಗ್ಲಿಷ್ ಆಡಿದಾಗ ಅವರು ಕೇಳುಗರಿಗೆ ಹೆಚ್ಚು ಬುದ್ಧಿವಂತರಾಗಿ ತೋರಿದರು. ಫ್ರೆಂಚ್ ಮಾತೃಭಾಷೆಯವರೂ ಹಾಗೇ ತೀರ್ಪು ಕೊಟ್ಟದ್ದು ನೋವಿನ ಸಂಗತಿ.

● ಅದೇ 1960ರಲ್ಲಿ ಸಂಶೋಧಕ ವಿಲಿಯಂ ಮೆಕಾರ್ಮಕ್ ಧಾರವಾಡ ಕನ್ನಡದ ಜಾತಿವಾರು ಭೇದಗಳ ಬಗ್ಗೆ ಬರೆದರು. ಈಗಲೂ ‘ಅದ’ ಅಂದನೋ ‘ಐತಿ’ ಅಂದನೋ ಎಂಬುದರ ಮೇಲೆ ಜಾತಿ ಅಳೆಯುವ ಕಿವಿಗಳು ನಮ್ಮಲ್ಲಿವೆ.

● ಸಿನಿಮಾಗಳು ಬಹುಕಾಲ ನಗೆಪಾತ್ರಕ್ಕೆ ಬಳಸಿಕೊಂಡ ನಮ್ಮ ಸೀಮೆಯ ಮಾತಿನಲ್ಲೇ ಬೇಂದ್ರೆ, ಕಂಬಾರರು ಬರೆದರು. ಇಬ್ಬರಿಗೂ ಜ್ಞಾನಪೀಠ ಬಂತು.

● ಹಾನಗಲ್ಲಿನ ಹೆಸರು ಹೊತ್ತ ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ (1913–2009) ಅವರ ದನಿ ಗಂಟಲಿನ ಚಿಕಿತ್ಸೆಯ ನಂತರ ಗಡಸಾಯಿತು. ಮುಖ ನೋಡದೆ ಕೇಳಿದವರು ಹಾಡುವವರು ಗಂಡಸೆಂದು ತಿಳಿದದ್ದುಂಟು. ಅವರು ಆ ದನಿಯನ್ನು ಮೆದುಗೊಳಿಸಲು ಹೋಗಲಿಲ್ಲ, ಅದರಲ್ಲೇ ಕಿರಾನಾ ಘರಾಣೆಯನ್ನು ಹಾಡಿದರು. 2002ರಲ್ಲಿ ಪದ್ಮವಿಭೂಷಣ ಬಂತು.

ಮುಂದಿನ ಸಲ ತಡಸ ಕ್ರಾಸಿನಲ್ಲಿ ಇಳಿದಾಗ ಪಕ್ಕದಲ್ಲಿ ನಿಂತವರ ಮುಖ ಎಂಥದೇ ಇರಲಿ, ದಯವಿಟ್ಟು ಮೊದಲು ಕನ್ನಡದಲ್ಲೇ ಮಾತಾಡಿಸಿ.